ಕುರ್ಚಿಯ ಪ್ಲಾಸ್ಟಿಕ್ ಕವರ್ ಕೀಳುವ ಮೊದಲೇ ಫೋಟೋ ಯಾಕೆ?

ಹೊಸದಾಗಿ ಮಾಡಿಸಿದ ಆಫೀಸಿನ ಒಳಾಂಗಣದ ಫೋಟೋ ತೆಗೆಯಲು ಕರೆದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ. "ಭಾನುವಾರ ಬಂದುಬಿಡಿ, ಯಾರೂ ಇರಲ್ಲ. ಸೋಮವಾರದಿಂದ ಸ್ಟಾಫ್ ಬರ್ತಾರೆ." ಹೋಗಿ ನೋಡಿದರೆ ಕುರ್ಚಿಗಳಿಗೆ ಇನ್ನೂ ಪ್ಲಾಸ್ಟಿಕ್ ಕವರ್ ಇರುತ್ತದೆ. ಅದನ್ನು ಕಿತ್ತು ಮೂಲೆಗೆ ತಳ್ಳಿ, ಡಸ್ಟ್‌ಬಿನ್ ಬಚ್ಚಿಟ್ಟು, ವೈರುಗಳನ್ನು ಮೇಜಿನ ಹಿಂದೆ ಸಿಕ್ಕಿಸಿ ಕೆಲಸ ಶುರು. ವರ್ಷಗಟ್ಟಲೆ ಹೀಗೇ ಮಾಡಿದ್ದೇನೆ. ಈಗೀಗ ನನಗೇ ಬೇಸರ ಬಂದಿದೆ.

ಮೊದಲ ತಕರಾರು ಅಗಲದ ಲೆನ್ಸಿನ ಬಗ್ಗೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಗೆ 16 ಎಂಎಂ ಲೆನ್ಸ್ (ಸಂಖ್ಯೆ ಕಡಿಮೆಯಾದಷ್ಟೂ ನೋಟ ಅಗಲ) ಹಾಕಿದರೆ ನಾಲ್ಕು ಜನರ ಮೀಟಿಂಗ್ ರೂಮು ಮದುವೆ ಹಾಲ್ ಥರ ಕಾಣುತ್ತದೆ. ಹತ್ತಿರದ ಮೇಜು ಎಳೆದ ರಬ್ಬರಿನಂತೆ ಉದ್ದವಾಗುತ್ತದೆ. ಕಂಪನಿಯವರಿಗೆ ಖುಷಿ. ಆ ಫೋಟೋ ನೋಡಿ ಕೆಲಸಕ್ಕೆ ಸೇರಿದವರು ಮೊದಲ ದಿನ ಒಳಗೆ ಬಂದು "ಇಷ್ಟೇನಾ?" ಅಂತಾರೆ. ನಾನು ಆದಷ್ಟು 24 ಮತ್ತು 35 ಎಂಎಂ ನಡುವೆಯೇ ಇರುತ್ತೇನೆ. ಟ್ರೈಪಾಡ್ ಎದೆಮಟ್ಟಕ್ಕಿಂತ ಸ್ವಲ್ಪ ಕೆಳಗೆ. ಕ್ಯಾಮೆರಾ ಮೇಲೆ ಕೆಳಗೆ ವಾಲಿದರೆ ಕಂಬಗಳೂ ವಾಲುತ್ತವೆ. ಅದಕ್ಕೇ ಟಿಲ್ಟ್-ಶಿಫ್ಟ್ ಲೆನ್ಸು. ಕ್ಯಾಮೆರಾವನ್ನು ನೇರವಾಗಿಟ್ಟೇ ಚಿತ್ರವನ್ನು ಮೇಲೆ ಕೆಳಗೆ ಸರಿಸಬಹುದು.

ನಿಜವಾದ ಒದ್ದಾಟ ಬೆಳಕಿನದ್ದು. ಕಿಟಕಿಯಿಂದ ಬರುವ ಹಗಲು ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ನೀಲಿ, ಕಡಿಮೆಯಾದಷ್ಟೂ ಕಿತ್ತಳೆ), ಮೋಡ ಇದ್ದರೆ ಇನ್ನೂ ಜಾಸ್ತಿ. ಮೇಜುಗಳ ಮೇಲಿನ ಎಲ್‌ಇಡಿ ಪ್ಯಾನೆಲ್ ಬಹಳ ಕಡೆ 4000. ಸೋಫಾ ಮೂಲೆಯಲ್ಲಿ ತೂಗುಹಾಕಿದ ದೀಪ 2700 ಅಥವಾ 3000. ನಮ್ಮ ಕಣ್ಣು ಇದನ್ನೆಲ್ಲ ಹೇಗೋ ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾಗೆ ಆ ಬುದ್ಧಿ ಇಲ್ಲ. ಒಂದೇ ಬಿಳಿ ಮೇಜು ಒಂದು ತುದಿಯಲ್ಲಿ ನೀಲಿ, ಇನ್ನೊಂದು ತುದಿಯಲ್ಲಿ ಕಿತ್ತಳೆ. ಎಲ್ಲ ದೀಪ ಆರಿಸಿ ಹಗಲು ಬೆಳಕಲ್ಲೇ ತೆಗೆದರೆ ಬಣ್ಣ ಶುದ್ಧವಾಗಿ ಬರುತ್ತದೆ, ನಿಜ. ಆದರೆ ಆ ದೀಪಗಳನ್ನು ಯಾರೋ ತಲೆ ಕೆಡಿಸಿಕೊಂಡು ಆಯ್ಕೆ ಮಾಡಿರುತ್ತಾರೆ ಅಲ್ವಾ? ಅವನ್ನು ಆರಿಸಿಬಿಟ್ಟರೆ ಅದು ಬೇರೆಯೇ ರೂಮು. ಹಾಗಾಗಿ ಟ್ರೈಪಾಡ್ ಅಲುಗಿಸದೆ ಒಂದು ಸಲ ಹಗಲಿಗೆ, ಒಂದು ಸಲ ದೀಪಕ್ಕೆ ಅಂತ ಬೇರೆ ಬೇರೆ ತೆಗೆದು ಆಮೇಲೆ ಕೂಡಿಸುತ್ತೇನೆ. ಕೆಲವು ಎಲ್‌ಇಡಿಗಳು ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತವೆ. 50 ಹರ್ಟ್ಸ್ ಕರೆಂಟ್ ಇರುವಲ್ಲಿ ಸೆಕೆಂಡಿಗೆ 100 ಸಲ. ಶಟರ್ ವೇಗ ಜಾಸ್ತಿಯಾದರೆ ಫೋಟೋದಲ್ಲಿ ಪಟ್ಟೆಪಟ್ಟೆ ಬರುತ್ತದೆ. 1/50 ಸೆಕೆಂಡಿಗೆ ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗಾಜಿನ ಕ್ಯಾಬಿನ್‌ಗಳ ಬಗ್ಗೆ ಕೇಳಲೇಬೇಡಿ. ಪ್ರತಿ ಗಾಜಿನಲ್ಲೂ ನಾನೇ ಇರುತ್ತೇನೆ, ಕರಿ ಬಟ್ಟೆ ಹಿಡಿದುಕೊಂಡು.

ಇಷ್ಟೆಲ್ಲ ಪಾಡುಪಟ್ಟು ತೆಗೆದ ಒಂದು ಆಫೀಸಿಗೆ ಮೂರು ತಿಂಗಳ ನಂತರ ಮತ್ತೆ ಹೋಗಬೇಕಾಯಿತು. ರಿಸೆಪ್ಷನ್ ಗೋಡೆಯ ಲೋಗೋ ಬದಲಾಗಿತ್ತು, ಅದೊಂದೇ ಫೋಟೋ ಬೇಕಿತ್ತು. ಸುಮ್ನೆ ಒಳಗೆ ಒಂದು ಸುತ್ತು ಹಾಕಿ, ಕಂಡದ್ದರ ಫೋಟೋ ತೆಗೆದೆ. ಫೋನಿನಲ್ಲಿ ಮಾತಾಡಲು ಮಾಡಿದ ಪುಟ್ಟ ಬೂತ್ ಒಂದರಲ್ಲಿ ಖಾಲಿ ರಟ್ಟಿನ ಡಬ್ಬಗಳು. ನಾನು ಒಂದೂವರೆ ಗಂಟೆ ಕಳೆದಿದ್ದ ಸೋಫಾ ಮೂಲೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಕಿಟಕಿ ಪಕ್ಕದ ಮೊಣಕಾಲೆತ್ತರದ ಕಟ್ಟೆಯ ಮೇಲೆ ಮಾತ್ರ ಜನ ಲ್ಯಾಪ್‌ಟಾಪ್ ಹಿಡಿದು ಸಾಲಾಗಿ ಕೂತಿದ್ದರು. ಅದನ್ನು ಕೂರಲು ಅಂತ ಯಾರೂ ಮಾಡಿರಲಿಲ್ಲ. ಪಶ್ಚಿಮದ ಗಾಜಿಗೆ ಕಂದು ಕಾಗದ ಅಂಟಿಸಿದ್ದರು, ಸಂಜೆ ಬಿಸಿಲು ನೇರ ಸ್ಕ್ರೀನಿಗೆ ಹೊಡೆಯುತ್ತಿತ್ತಂತೆ. ಅದೇ ಗಾಜು, ಅದೇ ಬಿಸಿಲು ನನ್ನ ಮೊದಲ ಫೋಟೋಗಳ ಹೀರೋ!

ನನ್ನ ಫೋಟೋಗಳಲ್ಲಿ ತಪ್ಪೇನೂ ಇರಲಿಲ್ಲ. ಆ ಆಫೀಸಿನ ಬಗ್ಗೆ ಅವು ಏನನ್ನೂ ಹೇಳುತ್ತಿರಲಿಲ್ಲ, ಅಷ್ಟೇ.

1968ರಲ್ಲಿ ಅಮೆರಿಕದ ಪೀಠೋಪಕರಣ ಕಂಪನಿ ಹರ್ಮನ್ ಮಿಲ್ಲರ್‌ಗಾಗಿ ರಾಬರ್ಟ್ ಪ್ರಾಪ್‌ಸ್ಟ್ ರೂಪಿಸಿದ 'ಆಕ್ಷನ್ ಆಫೀಸ್' ಎಂಬ ಮೇಜು-ಪರದೆಗಳ ವ್ಯವಸ್ಥೆಯ ಎರಡನೇ ರೂಪದಲ್ಲಿ ಅಡ್ಡಪರದೆಗಳು 120 ಡಿಗ್ರಿ ಕೋನದಲ್ಲಿ ತೆರೆದುಕೊಂಡಿರಬೇಕಿತ್ತು. ಕೊಂಡ ಕಂಪನಿಗಳು ಜಾಗ ಉಳಿಸಲು ಅವನ್ನೇ 90 ಡಿಗ್ರಿಗೆ ಮಡಿಸಿ ಡಬ್ಬಗಳ ಸಾಲು ಮಾಡಿದವು. ಕ್ಯೂಬಿಕಲ್ ಬಂದಿದ್ದು ಹೀಗೆ. ಜನ ಕೂತ ಮೇಲೆ ಏನಾಯಿತು ಅನ್ನುವುದು ಮೊದಲ ದಿನದ ಫೋಟೋದಲ್ಲಿ ಸಿಗುವುದಿಲ್ಲ. ಇನ್ನೊಂದು ಕಡೆ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ ಲಾರ್ಕಿನ್ ಆಫೀಸ್ ಕಟ್ಟಡ. 1906ರದ್ದು, 1950ರಲ್ಲಿ ಕೆಡವಿದರು. ಈಗ ಉಳಿದಿರುವುದು ಹೆಚ್ಚಾಗಿ ಫೋಟೋಗಳು. ಅದರಲ್ಲಿ ನಡುವಿನ ಎತ್ತರದ ಅಂಗಳದಲ್ಲಿ ಜನ ಮೇಜುಗಳಿಗೆ ಬಾಗಿ ಕೆಲಸ ಮಾಡುತ್ತಿರುವ ಚಿತ್ರವನ್ನೇ ನಾನು ಮತ್ತೆ ಮತ್ತೆ ನೋಡುವುದು. ಮೇಲಿಂದ ಇಳಿಯುವ ಬೆಳಕು ಯಾರಿಗಾಗಿ ಅಂತ ಅಲ್ಲಿ ತಿಳಿಯುತ್ತದೆ.

ಅಂದಹಾಗೆ, ಮೂರು ತಿಂಗಳ ನಂತರದ ಆ ಫೋಟೋಗಳನ್ನು ಕಂಪನಿಗೂ ಕಳಿಸಿದ್ದೆ. "ಚೆನ್ನಾಗಿದೆ, ಕಂದು ಕಾಗದ ಮಾತ್ರ ಎಡಿಟ್‌ನಲ್ಲಿ ತೆಗೀರಿ" ಅಂದರು. ತೆಗೆದುಕೊಟ್ಟೆ. ಕೆಲಸ ಬೇಕಲ್ಲ. ಆದರೆ ಒಳಾಂಗಣ ಮಾಡಿದ ಡಿಸೈನರ್ ಎಡಿಟ್ ಮಾಡದ್ದನ್ನೇ ಕೇಳಿ ಪಡೆದುಕೊಂಡರು.

ಈಗ ಕೊಟೇಶನ್‌ನಲ್ಲೇ ಎರಡು ಭೇಟಿ ಅಂತ ಬರೆಯುತ್ತೇನೆ. ಕೀಲಿ ಕೊಟ್ಟ ವಾರ ಒಂದು, ಮೂರು ತಿಂಗಳಾದ ಮೇಲೆ ಕೆಲಸದ ದಿನವೇ ಇನ್ನೊಂದು. ಶಟರ್ ಅರ್ಧ ಸೆಕೆಂಡ್ ತೆರೆದಿಟ್ಟರೆ ಓಡಾಡುವವರ ಮುಖ ಕರಗಿಹೋಗುತ್ತದೆ, ಕೂತವರಿಂದ ಮೊದಲೇ ಒಪ್ಪಿಗೆ ಕೇಳುತ್ತೇನೆ. ಬಹಳ ಜನ ಎರಡನೇ ಸಾಲನ್ನು ಹೊಡೆದುಹಾಕಿ ವಾಪಸ್ ಕಳಿಸುತ್ತಾರೆ. ಒಬ್ಬರು ಒಪ್ಪಿದ್ದಾರೆ. ಮುಂದಿನ ವಾರ ಹೋಗಬೇಕು. ಬಿಳಿ ಬೋರ್ಡಿನ ಮೇಲೆ ಗುಟ್ಟಿನ ಲೆಕ್ಕ ಏನಾದರೂ ಇದ್ದರೆ ಅದನ್ನು ಮಾತ್ರ ಒರೆಸಿಡಿ, ಉಳಿದದ್ದೆಲ್ಲ ಇದ್ದ ಹಾಗೇ ಇರಲಿ ಅಂತ ಹೇಳಿದ್ದೇನೆ.