ಹನಿಗತೆಗೆ ಪದ ಎಣಿಸಬೇಡಿ, ಗಡಿಯಾರ ನೋಡಿ

ಹನಿಗತೆ, ಮಿನಿಗತೆ, ನ್ಯಾನೊ ಕತೆ, ಹೆಸರು ಏನೇ ಇರಲಿ, ಸ್ಪರ್ಧೆ ಅಂದಕೂಡಲೇ ಮೊದಲ ನಿಯಮ '100 ಪದ ಮೀರಬಾರದು'. ಈ ಅಳತೆ ನಮ್ಮದಲ್ಲ. ಕ್ಯಾಲಿಫೋರ್ನಿಯಾದ ವಾರಪತ್ರಿಕೆಯೊಂದು 1987ರಲ್ಲಿ 55 ಪದಗಳ ಕತೆಗೆ ಸ್ಪರ್ಧೆ ಇಟ್ಟಿತು. ಬ್ರಿಟನ್ನಿನಲ್ಲಿ ಸರಿಯಾಗಿ 100 ಪದದ ಕತೆಗೆ 'ಡ್ರ್ಯಾಬಲ್' ಅಂತಲೇ ಹೆಸರು. 2012ರಿಂದ ಅಲ್ಲಿ ಪುಟ್ಟ ಕತೆಗೆಂದೇ ವರ್ಷಕ್ಕೊಂದು ದಿನ ಹಬ್ಬವೂ ಆಗುತ್ತದೆ. ಇಂಗ್ಲಿಷಿಗೆ ಆ ಲೆಕ್ಕ ಸರಿ. ನಮ್ಮ 'ಮನೆಯಲ್ಲಿದ್ದವರಿಗೂ' ಅನ್ನುವ ಒಂದು ಪದಕ್ಕೆ ಅವರಿಗೆ ಆರೇಳು ಪದ ಬೇಕು. ಕನ್ನಡದ 100 ಪದದಲ್ಲಿ ಅರ್ಧ ಸಂಸಾರವೇ ಹಿಡಿಸುತ್ತದೆ. ಮೇಲಾಗಿ ಕಂಪ್ಯೂಟರ್ ಎಣಿಸುವುದು ಪದವನ್ನಲ್ಲ, ಮಧ್ಯದ ಜಾಗವನ್ನು. 'ಬಂದುಬಿಟ್ಟ' ಕೂಡಿಸಿದರೆ ಒಂದು, ಬಿಡಿಸಿದರೆ ಎರಡು. ಮಿತಿ ಮೀರಿದವರು 'ತಿಥಿದಿನ', 'ಊಟಮಾಡಿಕೊಂಡುಹೋದ' ಅಂತ ಅಂಟಿಸಿ ಕಳಿಸುತ್ತಾರೆ, ಪಾಪ.

ಅದರ ಬದಲು ಗಟ್ಟಿಯಾಗಿ ಓದಿ ನೋಡಿ. ಅವಸರ ಮಾಡದೆ ಒಂದು ನಿಮಿಷದೊಳಗೆ ಮುಗಿದರೆ ಹನಿಗತೆ. ಅಂಟಿಸಿದ ಪದ ಬಾಯಲ್ಲಿ ಚಿಕ್ಕದಾಗುವುದಿಲ್ಲ.

ಕತೆಗೆ ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಯನ್ನೇ ತಗೊಳ್ಳಿ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ: 'ಮೂವತ್ತು ವರ್ಷ ಭಟ್ಟಿಯ ಹೊಗೆಯಲ್ಲಿ ದುಡಿದು ಎದೆ ಹಾಳುಮಾಡಿಕೊಂಡು ಸತ್ತ ಗಂಡನನ್ನು ನೆನೆದು ಆಕೆ ಕಣ್ಣೀರಿಟ್ಟಳು.' ಇದು ಕತೆಯಲ್ಲ, ಕತೆಯ ಸಾರಾಂಶ. ಮೂವತ್ತು ವರ್ಷ ಬಿಡಿ, ಒಂದು ಗಳಿಗೆ ಹಿಡಿಯಿರಿ:

'ತಿಥಿ ದಿನ ಮಗ ಎಡೆಗೆ ಮಂಡಕ್ಕಿ ಇಟ್ಟ.
"ಅದನ್ನ ತೆಗಿಯಪ್ಪ," ಅಂದಳು ಅವ್ವ. "ನಿಮ್ಮಪ್ಪಗೆ ಕೆಮ್ಮು ಬರ್ತತಿ."'

ಹದಿಮೂರು ಪದ. ಹೊಗೆ ಎಲ್ಲಿ ಹೋಯಿತು? ಶೀರ್ಷಿಕೆಗೆ. 'ಭಟ್ಟಿ' ಅಂತ ಹೆಸರಿಟ್ಟರೆ ಕಸುಬೂ ಬಂತು, ಹೊಗೆಯೂ ಬಂತು. 'ಕೆಮ್ಮು' ಅಂತ ಇಟ್ಟರೆ ಕೊನೆಯ ಮಾತು ಮೊದಲೇ ಸೋರಿಹೋಯಿತು. ಮೈಸೂರಿನವರಿಗೆ ತಿಳಿಯಲಿ ಅಂತ ಮಂಡಕ್ಕಿಯನ್ನು ಪುರಿ ಮಾಡಬೇಡಿ. ಅವ್ವನ 'ಬರ್ತತಿ'ಯನ್ನು 'ಬರುತ್ತದೆ' ಅಂತ ತಿದ್ದಲೂಬೇಡಿ. ಇಷ್ಟು ಚಿಕ್ಕ ಜಾಗದಲ್ಲಿ ಅವಳ ಊರು ತಿಳಿಯುವುದು ಆ ಒಂದು ಕ್ರಿಯಾಪದದಿಂದ. ಇಲ್ಲಿ ಬಹಳ ಜನ ಮಾಡುವ ತಪ್ಪು, 'ಪ್ರೀತಿಗೆ ಸಾವಿಲ್ಲ' ಅನ್ನುವ ಹದಿನಾಲ್ಕನೇ, ಹದಿನೈದನೇ ಪದ ಸೇರಿಸುವುದು.

ಕನ್ನಡದಲ್ಲಿ ಬಿಟ್ಟಿಯಾಗಿ ಸಿಗುವ ಸಲಕರಣೆಗಳನ್ನೂ ನಾವು ಸರಿಯಾಗಿ ಬಳಸುತ್ತಿಲ್ಲ. ಗಂಡನನ್ನು 'ಅವರು' ಅನ್ನುತ್ತಿದ್ದವಳು ಒಂದೇ ಒಂದು ಕಡೆ 'ಅವನು' ಅಂದರೆ ಮನೆಯೊಳಗಿನ ಜಗಳ ಬೇರೆ ಬರೆಯಬೇಕಿಲ್ಲ. 'ಬಾವಿಗೆ ಬಿದ್ದಳು' ಬೇರೆ, 'ಬಾವಿಗೆ ಬಿದ್ದಳಂತೆ' ಬೇರೆ. ಆ 'ಅಂತೆ'ಯೊಳಗೆ ಓಣಿಯ ಬಾಯಿ ಇದೆ, ಅನುಮಾನ ಇದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುವುದೂ ಅನುಕೂಲವೇ, ಗುಟ್ಟು ತಾನಾಗಿ ಕೊನೆಗೆ ಉಳಿಯುತ್ತದೆ. ಆದರೆ ಅದೇ ಚಟವಾಗಿ ಎಲ್ಲ ಕತೆಯ ತುದಿಯಲ್ಲೂ ಹೆಣ, ಕನಸು, ಇಲ್ಲವೇ ನಾಯಿ. ಪಂಚ್ ಹೊಡೆಯುವುದು ಹನಿಗವನದ ಕೆಲಸ.

ದುರ್ಗದ ಕಡೆಯವರಿಗೆ ಓಬವ್ವನನ್ನು ಬರೆಯುವ ಆಸೆ ಬಿಡುವುದಿಲ್ಲ. ಬರೆಯಲಿ. ಎಲ್ಲರಿಗೂ ಗೊತ್ತಿರುವ ಕತೆ ಅನ್ನುವುದೇ ಲಾಭ. ಕಿಂಡಿ, ಒನಕೆ ಎರಡನ್ನೂ ಬಿಟ್ಟು, ಊಟಕ್ಕೆ ಕೂತು ನೀರು ಬರಲಿಲ್ಲವಲ್ಲ ಅಂತ ಕಾಯುವ ಗಂಡನನ್ನಷ್ಟೇ ತೋರಿಸಿದರೂ ಸಾಕು.

ಇನ್ನು ನಮ್ಮಲ್ಲಿ ಹನಿಗತೆಗೆ ಹಬ್ಬ ಮಾಡುವ ವಿಚಾರ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಅಧ್ಯಕ್ಷರ ಮುಕ್ಕಾಲು ಗಂಟೆ. ಅರ್ಧ ನಿಮಿಷದ ಕತೆಗೆ ಇಷ್ಟು ದೊಡ್ಡ ಪೆಂಡಾಲ್ ಯಾಕೆ? ಒಂದು ಗಂಟೆ ಸಾಕು, ಹದಿನೈದು ಕತೆ. ಪ್ರತಿ ಕತೆಯನ್ನೂ ಎರಡು ಸಲ ಓದಿಸಿ, ನಡುವೆ ಹತ್ತು ಸೆಕೆಂಡು ಸುಮ್ಮನಿರಿ. ಮೊದಲ ಓದಿನಲ್ಲಿ ಕೇಳುಗರು ಕತೆ ಎಲ್ಲಿ ಶುರುವಾಯಿತು ಅಂತ ಹುಡುಕುವಷ್ಟರಲ್ಲಿ ಅದು ಮುಗಿದಿರುತ್ತದೆ. ಚಪ್ಪಾಳೆ ಕೊನೆಗೆ ಒಟ್ಟಿಗೆ.

ಸಭೆಯೇ ಬೇಡ ಅನ್ನುವವರಿಗೆ ಬೆಣ್ಣೆದೋಸೆ ಹೋಟೆಲಿನ ಗೋಡೆ ಇದೆ. ಎ4 ಹಾಳೆ, 24 ಪಾಯಿಂಟ್ ಅಕ್ಷರ, ಟೇಬಲಿಗೆ ಎದುರಾಗಿ. ದೋಸೆ ಬರುವುದರೊಳಗೆ ಮೂರು ಕತೆ ಓದಿ ಮುಗಿಯುತ್ತದೆ. ಮಂಡಕ್ಕಿ ಪೊಟ್ಟಣದ ಮೇಲೂ ಅಚ್ಚು ಹಾಕಿಸಬಹುದು, ಆದರೆ ಹೊರಬದಿಗೆ ಮಾತ್ರ. ಮಸಿ ಒಳಗಿನ ಮಂಡಕ್ಕಿಗೆ ತಾಗಬಾರದು.