ಟ್ಯಾಂಕ್‌ಗೆ ಥಿನ್ನರ್ ಹಾಕಿ ಅನ್ನೋ ಮೆಸೇಜ್ ಬಗ್ಗೆ ಸ್ಪಷ್ಟನೆ

'ಹಳೇ ಗಾಡಿ ಪೆಟ್ರೋಲ್ ಟ್ಯಾಂಕ್‌ಗೆ ಒಂದು ಬಾಟಲ್ ಅಡಿಟಿವ್ (ಪೆಟ್ರೋಲ್ ಜೊತೆ ಬೆರೆಸೋ ಕ್ಲೀನಿಂಗ್ ದ್ರವ) ಹಾಕಿ, ಇಂಜಿನ್ ಒಳಗಿನ ಕಾರ್ಬನ್ ಪೂರ್ತಿ ಹೋಗುತ್ತೆ, ಅದಿಲ್ಲಾಂದ್ರೆ ಪೇಂಟ್ ತೆಳು ಮಾಡೋ ಥಿನ್ನರ್ ಹಾಕಿದ್ರೂ ಸಾಕು' ಅಂತ ಒಂದು ಮೆಸೇಜ್ ಓಡಾಡ್ತಿದೆ. ಇದು ಪೂರ್ತಿ ನಿಜ ಅಲ್ಲ, ಥಿನ್ನರ್ ವಿಷಯ ಅಂತೂ ತಪ್ಪೇ ತಪ್ಪು.

ಅಡಿಟಿವ್ ಕೆಲಸಾನೇ ಮಾಡಲ್ಲ ಅಂತಲ್ಲ. ಪಾಲಿಈಥರ್ ಅಮೈನ್, ಅಂದ್ರೆ ಪಿಇಎ ಅನ್ನೋ ಕ್ಲೀನಿಂಗ್ ಕೆಮಿಕಲ್ ಇರೋವು ಇಂಜೆಕ್ಟರ್ (ಪೆಟ್ರೋಲ್ ಸ್ಪ್ರೇ ಮಾಡೋ ಭಾಗ) ಕ್ಲೀನ್ ಮಾಡುತ್ತೆ, ಪೋರ್ಟ್ ಇಂಜೆಕ್ಷನ್ (ಸಿಲಿಂಡರ್ ಹೊರಗೇ ಪೆಟ್ರೋಲ್ ಸ್ಪ್ರೇ ಆಗೋ) ಗಾಡಿ ಆದ್ರೆ ಪೆಟ್ರೋಲ್ ಇನ್‌ಟೇಕ್ ವಾಲ್ವ್ (ಸಿಲಿಂಡರ್ ಒಳಗೆ ಗಾಳಿ ಬಿಡೋ ಬಾಗಿಲು) ಮೇಲೆ ಬಿದ್ದೇ ಒಳಗೆ ಹೋಗೋದ್ರಿಂದ ಅಲ್ಲಿ ಕೂತಿರೋ ಕಾರ್ಬನ್ನೂ ನಿಧಾನಕ್ಕೆ ಕಮ್ಮಿ ಆಗುತ್ತೆ. ಆದ್ರೆ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ನಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೇ ಸ್ಪ್ರೇ ಆಗೋದು, ಆ ವಾಲ್ವ್‌ಗೆ ತಾಗೋದೇ ಇಲ್ಲ, ಮತ್ತೆ ಟ್ಯಾಂಕ್‌ಗೆ ಹಾಕಿದ್ದು ಅಲ್ಲಿಗೆ ಹೇಗೆ ತಲುಪುತ್ತೆ? ಆ ವಾಲ್ವ್ ಮೇಲಿನ ಕಾರ್ಬನ್ ಅನ್ನ ಮೆಕ್ಯಾನಿಕ್ ಮ್ಯಾನಿಫೋಲ್ಡ್ (ಇಂಜಿನ್ ಒಳಗೆ ಗಾಳಿ ಹೋಗೋ ಪೈಪು) ಬಿಚ್ಚಿ ಕೈಯಾರೆ ಕ್ಲೀನ್ ಮಾಡ್ಬೇಕು, ಇಲ್ಲಾ ವಾಲ್‌ನಟ್ ಚಿಪ್ಪಿನ ಪುಡಿ ಗಾಳಿ ಒತ್ತಡದಲ್ಲಿ ಬ್ಲಾಸ್ಟ್ ಮಾಡಿಸ್ಬೇಕು.

ಪಿಸ್ಟನ್ ರಿಂಗ್ ಸವೆದು ಆಯಿಲ್ ಸುಡ್ತಿದ್ರೆ ಏನು ಹಾಕಿದ್ರೂ ಕಾರ್ಬನ್ ವಾಪಸ್ ಕೂರುತ್ತೆ, ಮೊದ್ಲು ಅದನ್ನ ರಿಪೇರಿ ಮಾಡಿಸಿ.

ಥಿನ್ನರ್ ಮಾತ್ರ ದಯವಿಟ್ಟು ಹಾಕ್ಬೇಡಿ, ಹಳೇ ಗಾಡಿಯ ರಬ್ಬರ್ ಪೈಪು, ಸೀಲು ಊದ್ಕೊಂಡು ಬಿರುಕು ಬಿಟ್ಟು ಪೆಟ್ರೋಲ್ ಲೀಕ್ ಆದ್ರೆ ಬೆಂಕಿ ಹತ್ಕೊಳ್ಳೋ ಅಪಾಯ ಇದೆ. ಆ ಮೆಸೇಜ್ ಬಂದ್ರೆ ಫಾರ್ವರ್ಡ್ ಮಾಡ್ಬೇಡಿ, ಈಗಾಗ್ಲೇ ಕಳ್ಸಿದ್ರೆ ಅವ್ರಿಗೆ ಇದನ್ನೂ ತಿಳಿಸಿ.