ಅವರೆ ಹಾಕೋಕೆ ಯಾವ ಮಳೆ ಕಾಯಲಿ?

ಫ್ರಿಜ್ ಬಾಗಿಲಿಗೆ ಏಳೆಂಟು ವರ್ಷದಿಂದ ಒಂದು ಚಾರ್ಟ್ ಅಂಟಿಸಿಕೊಂಡಿದ್ದೆ. ಜನವರಿಗೆ ಟೊಮೆಟೊ ಸಸಿ, ಜೂನ್‌ಗೆ ಬೆಂಡೆ, ಹೀರೆ, ಅಕ್ಟೋಬರ್‌ಗೆ ಕೊತ್ತಂಬರಿ, ಮೂಲಂಗಿ, ಹೀಗೆ. ಬೀಜದ ಅಂಗಡಿಯಲ್ಲಿ ಬಿಟ್ಟಿ ಕೊಟ್ಟಿದ್ದು. ಮೊನ್ನೆ ಅದನ್ನು ಕಿತ್ತು ಹಾಕಿದೆ. ಗೋಂದಿನ ಕಲೆ ಇನ್ನೂ ಹೋಗಿಲ್ಲ.

ಸಿಟ್ಟಿನಲ್ಲಿ ಕಿತ್ತಿದ್ದಲ್ಲ. ಬೆಂಗಳೂರಲ್ಲಿ ತಾರಸಿ ಮೇಲೆ ನಾಲ್ಕು ಕುಂಡ ಇಟ್ಟವರಿಗೆಲ್ಲ ಇದು ಗೊತ್ತಿರುತ್ತದೆ. ತಿಂಗಳ ಹೆಸರು ನೋಡಿ ಬೀಜ ಹಾಕುವ ಕಾಲ ಮುಗಿಯಿತು.

2024 ನೆನಪಿದೆಯಲ್ವಾ? ಹಿಂದಿನ ವರ್ಷ ಮಳೆ ಕೈಕೊಟ್ಟು ಬೋರ್‌ವೆಲ್‌ಗಳೆಲ್ಲ ಬತ್ತಿದ್ದವು. ಮಾರ್ಚ್‌ನಲ್ಲಿ, ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ಫಿಲ್ಟರ್ ಹೊರಗೆ ಬಿಡುವ ನೀರು, ಎಲ್ಲವನ್ನೂ ಬಕೆಟ್‌ಗೆ ಹಿಡಿದು ಮೇಲಕ್ಕೆ ಹೊತ್ತೆ. ಏಪ್ರಿಲ್ ಪೂರ್ತಿ ಮಳೆಯ ಸುಳಿವೇ ಇಲ್ಲ. 28ನೇ ತಾರೀಕು 38.5 ಡಿಗ್ರಿ. ಚಾರ್ಟ್ ಪ್ರಕಾರ ಜನವರಿಯಲ್ಲೇ ಹಾಕಿದ್ದ ಟೊಮೆಟೊ ಗಿಡದ ತುಂಬಾ ಹೂವಿತ್ತು. ಹೂವಿನ ತೊಟ್ಟಿನಲ್ಲಿ ಒಂದು ಸಣ್ಣ ಗಂಟು ಇರುತ್ತದೆ ನೋಡಿ, ಸರಿಯಾಗಿ ಅಲ್ಲಿಗೇ ಹಳದಿಯಾಗಿ, ಬೆರಳು ತಾಗಿದರೆ ಉದುರುತ್ತಿತ್ತು. ಆ ಬಿಸಿಗೆ ಪರಾಗವೇ ಕೆಟ್ಟುಹೋಗುತ್ತದೆ, ಕಾಯಿ ಕಚ್ಚುವುದಿಲ್ಲ. ನೀರು ಹೊತ್ತಿದ್ದಕ್ಕೆ ಬೆನ್ನು ನೋವು ಮಾತ್ರ ಬಂತು.

ಜೂನ್ 2ಕ್ಕೆ ಮಳೆ ಬಂತು. ಬಂತು ಅಂದರೆ ಸುಮ್ನೆ ಬರಲಿಲ್ಲ. ಒಂದೇ ದಿನ 111.1 ಮಿಲಿಮೀಟರ್. ಜೂನ್ ತಿಂಗಳ ಮಟ್ಟಿಗೆ 133 ವರ್ಷದ ದಾಖಲೆ ಮುರಿಯಿತು. ರಾತ್ರಿ ಟಾರ್ಚ್ ಹಿಡಿದು ಮೇಲೆ ಹೋದರೆ ಪಾದ ಮುಳುಗುವಷ್ಟು ನೀರು. ಹೊಸದಾಗಿ ತುಂಬಿದ್ದ ಗ್ರೋ ಬ್ಯಾಗ್‌ಗಳಿಂದ ಕೋಕೋಪೀಟ್, ಅದೇ ತೆಂಗಿನ ನಾರಿನ ಪುಡಿ, ಎದ್ದು ತೇಲುತ್ತಾ ಹೋಗಿ ಪೈಪಿನ ಬಾಯಿಗೆ ಮೆತ್ತಿಕೊಂಡಿತ್ತು. ಕೈ ಹಾಕಿ ಕಿತ್ತರೆ ಜೊತೆಗೆ ನಾಲ್ಕು ಬೆಂಡೆ ಮೊಳಕೆ, ಒಂದು ಚಪ್ಪಲಿ. ಪಂಚಾಂಗದ ಲೆಕ್ಕದಲ್ಲಿ ಅದು ರೋಹಿಣಿ ಮಳೆ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ" ಅಂತ ಗಾದೆ. ನಮ್ಮ ಓಣಿಯೆಲ್ಲಾ ಕೋಕೋಪೀಟ್. ಕೆಳಗಿನ ಮನೆಯವರ ಗೋಡೆ ಒದ್ದೆಯಾಗಿದ್ದರ ಕಥೆ ಬೇಡ ಬಿಡಿ.

ಸರಿ, ಜಾಣತನ ಕಲಿತೆ ಅಂದುಕೊಂಡೆ. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ಎಂಟು ದಿನ ಮುಂಚೆ. ಎರಡೇ ದಿನದಲ್ಲಿ ನಮ್ಮಲ್ಲಿಗೂ ಬಂತು. ನೆಲ ಹದವಾಗಿದೆ, ಕಾಯೋದ್ಯಾಕೆ ಅಂತ ಊರಿಂದ ತಂದಿದ್ದ ನಾಟಿ ಅವರೆ ಬೀಜ ಹಾಕಿಬಿಟ್ಟೆ. ಬಳ್ಳಿ ಏನು ಸೊಗಸಾಗಿ ಬಂತು ಅಂತೀರಿ! ಬಟ್ಟೆ ಒಣಗಿಸುವ ತಂತಿಯನ್ನೂ ಬಿಡಲಿಲ್ಲ. ಜುಲೈ ಆಯಿತು, ಆಗಸ್ಟ್ ಆಯಿತು. ಬರೀ ಎಲೆ. ಕುಡಿಗೆಲ್ಲ ಕರಿ ಹೇನು. ಒಂದು ಹೂವಿಲ್ಲ.

ಫೋನ್‌ನಲ್ಲಿ ಅಮ್ಮನಿಗೆ ಹೇಳಿದರೆ ನಕ್ಕುಬಿಟ್ಟಳು. ಮಾಗಡಿ ಕಡೆಯವಳು, ಅವರೆ ವಿಷಯದಲ್ಲಿ ಅವಳ ಮುಂದೆ ಬಾಯಿ ಬಿಡುವಂತಿಲ್ಲ.

"ರೋಹಿಣಿ ಮಳೇಗೆ ಯಾರಾದ್ರೂ ಅವರೆ ಹಾಕ್ತಾರೇನೆ? ಆರಿದ್ರಾ ಮಳೆ ಕಳೀಬೇಕು, ಜುಲೈ ಬರ್ಬೇಕು. ಆ ಸೊಪ್ಪು ಕೊಯ್ದು ದನಕ್ಕೆ ಹಾಕು."

"ತಾರಸೀಲಿ ದನ ಎಲ್ಲಿಂದ ತರ್ಲಮ್ಮಾ?"

ವಿಷಯ ಏನೆಂದರೆ, ನಾಟಿ ಅವರೆ ಹೂ ಬಿಡುವುದು ಮಳೆ ನೋಡಿ ಅಲ್ಲ, ರಾತ್ರಿ ಎಷ್ಟು ಉದ್ದ ಅಂತ ನೋಡಿ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು ಒಂದೂವರೆ ಗಂಟೆ ವ್ಯತ್ಯಾಸ, ಅಷ್ಟೇ. ನಮ್ಮ ಗಮನಕ್ಕೂ ಬರಲ್ಲ. ಅವರೆ ಅದನ್ನು ಅಳೆದುಕೊಂಡು ಕೂತಿರುತ್ತದೆ. ಮೇನಲ್ಲಿ ಹಾಕಿದರೂ ಜುಲೈನಲ್ಲಿ ಹಾಕಿದರೂ ಹೂವು ಬರುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಹಗಲು ಗಿಡ್ಡವಾದ ಮೇಲೆ. ಅಮ್ಮನ ಕಾಲಕ್ಕೆ ಇದೆಲ್ಲ ಯೋಚಿಸುವ ಅಗತ್ಯವೇ ಇರಲಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿ ನಡುವೆ ಬೇರೆ ಬೆಳೆಗೆ ಬಿಡುವ ಸಾಲಿನಲ್ಲಿ, ಹಾಕುವ ಹೊತ್ತಿಗೆ ಮಳೆ ಇರುತ್ತಿತ್ತು, ಹೂವಿನ ಹೊತ್ತಿಗೆ ಮಳೆ ಕಳೆದಿರುತ್ತಿತ್ತು, ಕಾಯಿಗೆ ಇಬ್ಬನಿ ಬಿದ್ದು ಸೊಗಡು ಏರುತ್ತಿತ್ತು. ಈಗ ಹಗಲು ರಾತ್ರಿಯ ಲೆಕ್ಕ ಇದ್ದಲ್ಲೇ ಇದೆ, ಮಳೆ ಮಾತ್ರ ದಾರಿ ತಪ್ಪಿದೆ. ನಾನು ಮಳೆ ನಂಬಿದೆ, ಬಳ್ಳಿ ನಂಬಲಿಲ್ಲ.

ಹೂವಿನ ಹೊತ್ತಿಗೂ ಮಳೆ ಬರಬಹುದು, ಅದು ಇನ್ನೊಂದು ಕಷ್ಟ. 2021ರ ನವೆಂಬರ್‌ನಲ್ಲಿ ಹಾಗೇ ಆಗಿತ್ತು. ನನ್ನ ಅವರೆ ಹೂವೆಲ್ಲ ಉದುರಿತು. ನಾನು ಇಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರೆ, ಊರಲ್ಲಿ ಕೊಯ್ದು ಹಾಕಿದ್ದ ರಾಗಿ ತೆನೆಯಲ್ಲೇ ಮೊಳಕೆ ಬಂದಿತ್ತು. ನನಗೆ ಹೋಗಿದ್ದು ಒಂದು ವಾರದ ಸಾರು. ಅವರಿಗೆ ವರ್ಷದ ಊಟ.

ಹಗಲು ರಾತ್ರಿ ಲೆಕ್ಕ ಹಾಕದ ಅವರೆಯೂ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಯಾವಾಗ ಹಾಕಿದರೂ ಹೂ ಬಿಡುತ್ತವೆ, ಗಿಡ್ಡ ಗಿಡ, ಕುಂಡಕ್ಕೂ ಸರಿ. ನನ್ನ ಮೂಗಿಗೆ ಸೊಗಡು ಸ್ವಲ್ಪ ಕಮ್ಮಿ. ಆದರೂ ಎರಡು ಬ್ಯಾಗ್‌ಗೆ ಅದನ್ನೇ ಹಾಕುತ್ತೇನೆ. ನಾಟಿಯ ಹೂವು ಮಳೆಗೆ ಹೋದರೆ ಹಿತಕಿದಬೇಳೆ ಸಾರಿಗಾದರೂ ಇದು ಇರಲಿ ಅಂತ.

ಉಳಿದ ಸೊಪ್ಪು ತರಕಾರಿಗೆ ಈಗ ನನ್ನದೊಂದೇ ಪದ್ಧತಿ. ಇರುವ ಬೀಜ ಪೂರ್ತಿ ಒಂದೇ ದಿನ ಹಾಕಲ್ಲ. ನಗಬೇಡಿ, ಇದಕ್ಕೆ ಪಂಚಾಂಗವೇ ಬೇಕಾಯಿತು. ಮಳೆ ಬರುತ್ತೋ ಇಲ್ಲವೋ ಅಂತ ನೋಡೋಕಲ್ಲ, ಅದನ್ನು ಈಗ ಯಾರೂ ನಂಬಲ್ಲ. ಒಂದೊಂದು ಮಳೆ ನಕ್ಷತ್ರ ಅಂದರೆ 13–14 ದಿನ. ಕೊತ್ತಂಬರಿ, ಮೆಂತ್ಯ, ಮೂಲಂಗಿಯನ್ನು ಬಿಟ್ಟು ಬಿಟ್ಟು ಹಾಕೋಕೆ ಇದಕ್ಕಿಂತ ಒಳ್ಳೆ ಅಲಾರಂ ಬೇರೆ ಇಲ್ಲ. ನಕ್ಷತ್ರ ಬದಲಾಯಿತಾ, ಮಣ್ಣಿಗೆ ಬೆರಳು ಹಾಕಿ ನೋಡು, ಹದ ಇದ್ದರೆ ಒಂದು ಹಿಡಿ ಬೀಜ ಹಾಕು. ಕೆಸರಾಗಿದ್ದರೆ ಬಿಡು. ಕಾದ ಬಾಣಲೆ ಆಗಿದ್ದರೆ ಕೊತ್ತಂಬರಿ ಆಸೆ ಬಿಟ್ಟು ದಂಟು ಹಾಕು, ಬಿಸಿಲು ಅದಕ್ಕೆ ಲೆಕ್ಕಕ್ಕಿಲ್ಲ.

"ಒಂದು ಕಟ್ಟು ಕೊತ್ತಂಬರಿಗೆ ಇಷ್ಟು ರಾಮಾಯಣನಾ?" ಅಂತ ನಮ್ಮ ಮನೆಯವರು ಕೇಳುತ್ತಾರೆ. ಕೇಳಲಿ. ಬಸ್ಸಾರಿಗೆ ಸೊಪ್ಪು ಕಿತ್ತುಕೊಂಡು ಬಾ ಅಂದರೆ ಕತ್ತರಿ ಹಿಡಿದು ಮೇಲೆ ಓಡುವವರೂ ಅವರೇ.

ಈ ಸಲ ಆರಿದ್ರಾದ ಕೊತ್ತಂಬರಿ ಚೆನ್ನಾಗಿ ಬಂತು. ಪುನರ್ವಸುವಿನದ್ದು ಪಾರಿವಾಳದ ಪಾಲು. ಪುಷ್ಯದ್ದನ್ನು ನಿನ್ನೆ ಹಾಕಿ, ಮೇಲೆ ಹಳೇ ಸೊಳ್ಳೆ ಪರದೆ ಹೊದಿಸಿದ್ದೇನೆ. ನಾಟಿ ಅವರೆ ಎಂಟು ಬೀಜ ಹಾಕಿದ್ದರಲ್ಲಿ ಆರು ಎದ್ದಿವೆ. ಬೂದಿ ಡಬ್ಬಿಯಲ್ಲಿ ಇನ್ನೂ ಹತ್ತು ಉಳಿಸಿಕೊಂಡಿದ್ದೇನೆ, ಅಮ್ಮನಿಗೆ ಹೇಳಿಲ್ಲ.